ಇನ್ನೊಂದು ಸಲ ನಿಲ್ಲಬೇಕಾ? ಓದುಗರ ಪ್ರಶ್ನೆಗೆ ಮಾಜಿ ಮೆಂಬರ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುರಸಭೆ, ಪಟ್ಟಣ ಪಂಚಾಯಿತಿ ಸದಸ್ಯರದ್ದೇ. ಅವಧಿ ಮುಗಿದಿದೆ, ಇಲ್ಲವೇ ಮುಗಿಯುತ್ತಾ ಬಂದಿದೆ. ಮತ್ತೆ ನಿಲ್ಲಬೇಕು ಅನ್ನೋ ಆಸೆ ಇದೆ, ಜನ ಏನಂತಾರೋ ಅನ್ನೋ ಭಯವೂ ಇದೆ. ನಾನು ಪುರಸಭೆಗೆ ಮೂರು ಸಲ ನಿಂತವಳು. ಎರಡು ಸಲ ಗೆದ್ದೆ, ನಡುವೆ ಒಂದು ಸಲ ಸೋತೆ. ಗೆದ್ದದ್ದು ಹೇಗೆ ಅಂತ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ, ಸೋತದ್ದು ಯಾಕೆ ಅಂತ ಮಾತ್ರ ಚೆನ್ನಾಗಿ ಗೊತ್ತು. ಹಾಗಾಗಿ ಆ ಸೋಲಿನ ಮಾತೇ ಮತ್ತೆ ಮತ್ತೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಹೆಸರು, ಊರು ಹಾಕಬೇಡಿ ಅಂತ ಎಲ್ಲರೂ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಮೇಡಂ, ನಾನು ಪಟ್ಟಣ ಪಂಚಾಯಿತಿಯ ಹಾಲಿ ಸದಸ್ಯ, ಮೊದಲ ಸಲ ಗೆದ್ದವನು. ಐದು ವರ್ಷದಲ್ಲಿ ಎರಡು ಸಿಸಿ ರಸ್ತೆ, ಚರಂಡಿ, ಬೋರ್‌ವೆಲ್, ಬೀದಿ ದೀಪ ಎಲ್ಲಾ ಮಾಡಿಸಿದ್ದೇನೆ. ಆದರೂ ಕೆಲವು ಮನೆಯವರು ಮುಖ ಕೊಟ್ಟು ಮಾತಾಡುವುದಿಲ್ಲ. ಮಾಡಿದ ಕೆಲಸದ ಪಟ್ಟಿಯನ್ನು ಫೋಟೋ ಸಮೇತ ಕರಪತ್ರ ಮಾಡಿ ಮನೆಮನೆಗೆ ಹಂಚಬೇಕು ಅಂದುಕೊಂಡಿದ್ದೇನೆ. ಸಾಕಾಗುತ್ತಾ?

ಉತ್ತರ: ಅಣ್ಣಾ, ಇದೇ ಕೆಲಸ ನಾನೂ ಮಾಡಿದ್ದೆ. ಎರಡನೇ ಸಲ ನಿಂತಾಗ ನನ್ನ ಕರಪತ್ರದಲ್ಲಿ 31 ಕೆಲಸ ಇದ್ದವು, ನಂಬರ್ ಹಾಕಿ, ಬಣ್ಣದಲ್ಲಿ. ಒಂದೊಂದೇ ಮನೆಗೆ ಕೊಡುತ್ತಾ ನಮ್ಮ ವಾರ್ಡಿನ ಕೊನೇ ಬೀದಿಗೆ ಹೋದೆ. ಅಲ್ಲಿ ಒಬ್ಬ ಅಜ್ಜಿ ಕರಪತ್ರ ಇಸಕೊಂಡು, ಓದದೆ, ಹಿಂದೆ ತಿರುಗಿಸಿದರು. ಹಿಂಭಾಗ ಖಾಲಿ ಇತ್ತು. ಮೊಮ್ಮಗನ ಪೆನ್ಸಿಲ್ ತರಿಸಿ, ಜಗುಲಿ ಮೇಲೆ ಕೂತು, ನಿಧಾನವಾಗಿ ನಾಲ್ಕು ತಾರೀಕು ಬರೆದರು. ಆ ತಿಂಗಳು ಅವರ ಮನೆ ನಲ್ಲಿಯಲ್ಲಿ ನೀರು ಬಂದ ದಿನಗಳು ಅವು. ಬರೆದು ನನಗೇ ವಾಪಸ್ ಕೊಟ್ಟು, 'ಇದನ್ನ ಯಾಕವ್ವಾ ಹಾಕಿಸಿಲ್ಲ?' ಅಂದರು. ಬೈದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆನೇನೋ.

ಆ ಚುನಾವಣೆಯಲ್ಲಿ ನಾನು 61 ವೋಟಿನಿಂದ ಸೋತೆ. ಆ ಒಂದು ಬೀದಿಯಲ್ಲಿ ಅದಕ್ಕಿಂತ ಜಾಸ್ತಿ ವೋಟಿದ್ದವು.

ಕರಪತ್ರ ಹಂಚಬೇಡಿ ಅಂತ ನಾನು ಹೇಳುತ್ತಿಲ್ಲ. ಆದರೆ ರಸ್ತೆ ಮಾಡಿಸಿದ್ದನ್ನು ಆ ರಸ್ತೆಯ ಮೇಲೇ ಓಡಾಡುವವರಿಗೆ ಹೇಳಿ ಏನು ಪ್ರಯೋಜನ? ಅದು ಅವರ ತೆರಿಗೆ ದುಡ್ಡು ಅಂತ ಅವರಿಗೆ ಗೊತ್ತು, ಹಣಕಾಸು ಆಯೋಗದ ಅನುದಾನ ಅಂತಲೂ ಈಗ ಜನಕ್ಕೆ ಗೊತ್ತು. ಮುಖ ಕೊಡದವರು ಯಾರು ಅಂತ ಮೊದಲು ನೋಡಿ. ನೀರಿನ ಲೈನಿನ ಕೊನೆಯಲ್ಲಿ ಇರುವವರಾ? ಚರಂಡಿ ಅರ್ಧಕ್ಕೆ ನಿಂತಿರುವ ಕಡೆಯವರಾ? ನಮ್ಮ ಅಜ್ಜಿಯ ಬೀದಿಯಲ್ಲಿ ಆದದ್ದು ಇಷ್ಟೇ: ನೀರು ಬಿಡುತ್ತಿದ್ದದ್ದು ಮುಕ್ಕಾಲು ಗಂಟೆ, ಲೈನಿನ ಶುರುವಿನಲ್ಲಿದ್ದ ಹತ್ತಾರು ಮನೆಯವರು ಪೈಪಿಗೇ ಮೋಟರ್ ಹಾಕಿ ಎಳೆದುಕೊಳ್ಳುತ್ತಿದ್ದರು, ಕೊನೆಗೆ ತಲುಪುವಷ್ಟರಲ್ಲಿ ನೀರುಗಂಟಿ ವಾಲ್ವ್ ತಿರುಗಿಸಿ ಮುಂದಿನ ಬೀದಿಗೆ ಹೋಗಿಬಿಡುತ್ತಿದ್ದ. ಇದಕ್ಕೆ ಅನುದಾನ ಬೇಕಿರಲಿಲ್ಲ. ಒಂದು ದಿನ ಬೆಳಗ್ಗೆ ಐದೂವರೆಗೆ ಎದ್ದು ಆ ಬೀದಿಯಲ್ಲಿ ಹೋಗಿ ನಿಂತಿದ್ದರೆ ಸಾಕಿತ್ತು, ಐದು ವರ್ಷದಲ್ಲಿ ಒಂದು ದಿನವೂ ನಿಲ್ಲಲಿಲ್ಲ. ಮೋಟರ್ ಇಟ್ಟವರು ನನ್ನ ಕಡೆಯ ವೋಟರುಗಳು, ಅವರನ್ನು ಎದುರು ಹಾಕಿಕೊಳ್ಳೋದು ಬೇಡ ಅನ್ನೋ ಲೆಕ್ಕಾಚಾರವೂ ಒಳಗೊಳಗೆ ಇತ್ತು, ಒಪ್ಪಿಕೊಳ್ಳುತ್ತೇನೆ.

ಮೂರನೇ ಸಲ ಒಂದು ನೋಟ್‌ಬುಕ್ ಹಿಡಿದು ಎರಡು ತಿಂಗಳು ಮೊದಲೇ ಹೊರಟೆ. ಎಡಗಡೆ ಪುಟದಲ್ಲಿ ಆಗದೇ ಉಳಿದ ಕೆಲಸ, ಬಲಗಡೆ ಪುಟದಲ್ಲಿ ಯಾಕೆ ಆಗಲಿಲ್ಲ ಅನ್ನೋದು. ಎರಡು ಸಲ ಟೆಂಡರ್ ಕರೆದರೂ ಯಾರೂ ಹಾಕಲಿಲ್ಲ. ಮುಖ್ಯರಸ್ತೆ ನಮ್ಮದಲ್ಲ, ಪಿಡಬ್ಲ್ಯುಡಿಯದ್ದು. ದೀಪ ನಮ್ಮದು, ಆದರೆ ವಾಲಿದ ಕಂಬ ವಿದ್ಯುತ್ ಕಂಪನಿಯದ್ದು. ಕೆಲವಕ್ಕೆ ಬಲಗಡೆ ಬರೆಯೋಕೆ ಏನೂ ಇರಲಿಲ್ಲ, 'ನಾನು ಮರೆತೆ' ಅಂತಲೇ ಬರೆದೆ. ಅದನ್ನು ಓದಿ ನಕ್ಕವರೂ ಇದ್ದರು. ನಕ್ಕ ಮೇಲೆ ಕೂತ್ಕೋ ಅಂದರು.

ನೀವೂ ಬರೆಯಿರಿ. ಫೋಟೋ ಹಾಕಿದ ಕರಪತ್ರ ಆಮೇಲೆ ಮಾಡಿಸಿದರಾಯಿತು.

ಪ್ರಶ್ನೆ: ನಮ್ಮ ವಾರ್ಡ್ ಕಳೆದ ಸಲ ಸಾಮಾನ್ಯ ಇತ್ತು. ಈಗ ಬಂದ ಕರಡು ಪಟ್ಟಿಯಲ್ಲಿ ಮಹಿಳೆಗೆ ಮೀಸಲು ಅಂತ ಬಂದಿದೆ. ಐದು ವರ್ಷ ಕಷ್ಟಪಟ್ಟು ಕಟ್ಟಿದ ವಾರ್ಡು ಕೈ ಬಿಟ್ಟು ಹೋಯಿತು. ಹೆಂಡತಿಯನ್ನು ನಿಲ್ಲಿಸಲಾ, ಪಕ್ಕದ ವಾರ್ಡಿಗೆ ಹೋಗಲಾ, ಇಲ್ಲ ಕೋರ್ಟಿಗೆ ಹೋಗಲಾ?

ಉತ್ತರ: ಮೊದಲು ಕೋರ್ಟಿನ ಮಾತು ಮುಗಿಸೋಣ. ವಾರ್ಡ್ ಮೀಸಲಾತಿ ಸುತ್ತು ಹಾಕುತ್ತಾ ಬರೋಕೆ ಸಂವಿಧಾನದಲ್ಲೇ ಅವಕಾಶ ಇದೆ. 74ನೇ ತಿದ್ದುಪಡಿಯಲ್ಲಿ ಬಂದ 243-ಟಿ ವಿಧಿ ಅದು, ಜಾರಿಗೆ ಬಂದದ್ದು 1993ರ ಜೂನ್ 1ಕ್ಕೆ. ಅಲ್ಲಿ ಮಹಿಳೆಯರಿಗೆ ಮೂರನೇ ಒಂದು ಪಾಲಾದರೂ ಇರಬೇಕು ಅಂತಿದೆ, ನಮ್ಮ ರಾಜ್ಯದಲ್ಲಿ ಅದನ್ನು ಅರ್ಧಕ್ಕೆ ಏರಿಸಿದ್ದಾರೆ. ಅಂದಮೇಲೆ ನಿಮ್ಮ ವಾರ್ಡು ಇವತ್ತಲ್ಲ ನಾಳೆ ಮಹಿಳೆಗೆ ಬರಲೇಬೇಕಿತ್ತು. ಸರದಿ ತಪ್ಪಿಸಿ ಮಾಡಿದ್ದಾರೆ, ಒಂದೇ ವಾರ್ಡಿಗೆ ಮತ್ತೆ ಮತ್ತೆ ಅದೇ ಮೀಸಲಾತಿ ಹಾಕಿದ್ದಾರೆ ಅನ್ನಿಸಿದರೆ ಹಿಂದಿನ ಪಟ್ಟಿಗಳನ್ನು ಜೋಡಿಸಿ ಲಿಖಿತ ಆಕ್ಷೇಪಣೆ ಕೊಡಿ. ಕರಡು ಬಂದಿರುವಾಗಲೇ ಕೊಡಬೇಕು, ಅದಕ್ಕೆ ಸಿಗೋದು ಕೆಲವೇ ದಿನ. ಅಂತಿಮ ಪಟ್ಟಿ ಹೊರಬಿದ್ದು ಚುನಾವಣೆ ಘೋಷಣೆ ಆದ ಮೇಲೆ ಕೋರ್ಟುಗಳು ಸಾಮಾನ್ಯವಾಗಿ ನಡುವೆ ಕೈ ಹಾಕುವುದಿಲ್ಲ. 'ನನಗೆ ನಿಲ್ಲೋಕೆ ಆಗುತ್ತಿಲ್ಲ' ಅನ್ನೋದು ಆಕ್ಷೇಪಣೆ ಆಗುವುದಿಲ್ಲ, ಅಷ್ಟು ನೆನಪಿರಲಿ.

ಪಕ್ಕದ ವಾರ್ಡಿಗೆ ಹೋಗಬಹುದು. ನಿಮ್ಮ ಹೆಸರು ಅದೇ ಪಟ್ಟಣದ ಮತದಾರರ ಪಟ್ಟಿಯಲ್ಲಿದ್ದರೆ ಬೇರೆ ವಾರ್ಡಿನಿಂದ ನಿಲ್ಲೋಕೆ ಅಡ್ಡಿ ಇಲ್ಲ, ಎಷ್ಟೋ ಜನ ಹಾಗೇ ಗೆದ್ದಿದ್ದಾರೆ. ನಾನೂ ಮೂರನೇ ಸಲ ಗೆದ್ದದ್ದು ಪಕ್ಕದ ವಾರ್ಡಿನಿಂದಲೇ. ವಾರ್ಡಿನ ಗೆರೆ ಬದಲಾಗಿ ಆ ಅಜ್ಜಿಯ ಬೀದಿ ಅಲ್ಲಿಗೆ ಸೇರಿತ್ತು. ಆದರೆ ಅಲ್ಲಿ ನೀವು ಹಾಲಿ ಮೆಂಬರ್ ಅಲ್ಲ, ಹೊಸಬರು. ಅಲ್ಲಿನ ಹಾಲಿ ಮೆಂಬರ್ ಜೊತೆ ಐದು ವರ್ಷ ಸಭೆಯಲ್ಲಿ ಒಟ್ಟಿಗೆ ಕೂತಿದ್ದೀರಿ. ಹೋಗಿ ಮುಖಾಮುಖಿ ಹೇಳಿಬಿಡಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗೋದು ಬೇಡ.

ಇನ್ನು ಹೆಂಡತಿಯನ್ನು ನಿಲ್ಲಿಸುವ ಮಾತು. ಪತ್ರ ಎರಡು ಪುಟ ಇದೆ, ಅವರನ್ನು ಕೇಳಿದೆ ಅಂತ ಎಲ್ಲೂ ಬರೆದಿಲ್ಲ. ಕೇಳಿ. ಅವರಿಗೆ ಮನಸ್ಸಿದ್ದರೆ ಬಹಳ ಒಳ್ಳೆಯದು. ಆದರೆ ಗೆದ್ದ ಮೇಲೆ ಸಭೆಗೆ ಅವರೇ ಹೋಗಬೇಕು, ಚೀಫ್ ಆಫೀಸರ್ ಹತ್ತಿರ ಅವರೇ ಮಾತಾಡಬೇಕು, ಜನ ಫೋನ್ ಮಾಡಿದರೆ ಅವರ ಫೋನಿಗೇ ಬರಬೇಕು. 'ಮೆಂಬರ್ ಗಂಡ' ಅಂತ ಕುರ್ಚಿ ಎಳೆದುಕೊಂಡು ಕೂರುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಅವರ ಹೆಂಡತಿಯರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಕಿಟಕಿ ಕಡೆ ನೋಡುತ್ತಿದ್ದದ್ದನ್ನೂ ನೋಡಿದ್ದೇನೆ. ಅದಕ್ಕಿಂತ ನಿಮ್ಮ ಬೀದಿಯಲ್ಲಿ ಕೆಲಸ ಬಲ್ಲ ಬೇರೆ ಹೆಣ್ಣುಮಗಳಿದ್ದರೆ ಅವರನ್ನು ನಿಲ್ಲಿಸಿ, ನೀವು ಓಡಾಡಿ ಗೆಲ್ಲಿಸಿ.

ಪ್ರಶ್ನೆ: ಅಕ್ಕಾ, ನನ್ನದು ಇದರ ಉಲ್ಟಾ ಕತೆ. ಮಹಿಳಾ ಮೀಸಲಿನಿಂದ ಗೆದ್ದಿದ್ದೆ. ಈಗ ವಾರ್ಡು ಸಾಮಾನ್ಯ ಆಗಿದೆ. 'ನಿಮ್ಮ ಸರದಿ ಮುಗೀತು, ಈ ಸಲ ಗಂಡಸರಿಗೆ ಬಿಡಿ' ಅಂತ ಪಾರ್ಟಿಯವರು ಹೇಳುತ್ತಿದ್ದಾರೆ. ಮನೆಯಲ್ಲೂ ಅದೇ ಮಾತು. ನಿಂತರೆ ಸೋಲುತ್ತೇನೆ ಅನ್ನಿಸುತ್ತಿದೆ.

ಉತ್ತರ: ಸಾಮಾನ್ಯ ಅಂದರೆ ಯಾರು ಬೇಕಾದರೂ ನಿಲ್ಲಬಹುದು ಅಂತ ಅರ್ಥ. ಗಂಡಸರಿಗೆ ಮೀಸಲು ಅಂತ ಕಾನೂನಿನಲ್ಲಿ ಒಂದು ವಾರ್ಡೂ ಇಲ್ಲ. ಇದನ್ನು ಪಾರ್ಟಿ ಆಫೀಸಿನಲ್ಲಿ, ನಾಲ್ಕು ಜನರ ಎದುರಿಗೆ, ನಗುತ್ತಲೇ ಹೇಳಿ.

ಸೋಲುತ್ತೇನೆ ಅನ್ನೋ ಭಯಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಮುಂಬೈ ಮಹಾನಗರ ಪಾಲಿಕೆಯ 1997 ಮತ್ತು 2002ರ ಚುನಾವಣೆಗಳನ್ನು ಇಟ್ಟುಕೊಂಡು ರಿಖಿಲ್ ಭಾವ್ನಾನಿ ಅನ್ನೋ ಸಂಶೋಧಕರು ಒಂದು ಅಧ್ಯಯನ ಮಾಡಿದ್ದರು, 2009ರಲ್ಲಿ ಪ್ರಕಟವಾಯಿತು. ಹಿಂದಿನ ಸಲ ಮಹಿಳೆಗೆ ಮೀಸಲಿದ್ದು ಆಮೇಲೆ ಸಾಮಾನ್ಯ ಆದ ವಾರ್ಡುಗಳಲ್ಲಿ ಹೆಣ್ಣುಮಕ್ಕಳು ಗೆಲ್ಲುವ ಸಾಧ್ಯತೆ, ಮೀಸಲೇ ಇರದಿದ್ದ ವಾರ್ಡುಗಳಿಗಿಂತ ಸುಮಾರು ಐದು ಪಟ್ಟು ಇತ್ತು. ಒಂದು ಸಲ ಕೆಲಸ ಮಾಡಿ ತೋರಿಸಿದವರು ಮತ್ತೆ ನಿಲ್ಲುತ್ತಾರೆ, ಪಾರ್ಟಿಗಳಿಗೂ ಹೆಂಗಸರು ಗೆಲ್ಲುತ್ತಾರೆ ಅಂತ ಗೊತ್ತಾಗುತ್ತದೆ. ಮುಂಬೈ ದೊಡ್ಡ ಊರು, ನಮ್ಮದು ಸಣ್ಣದು, ಅದು ಬೇರೆ ಮಾತು. ಆದರೆ ಸಣ್ಣ ಊರಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆಯುವವರು ಇನ್ನೂ ಜಾಸ್ತಿ, ಅಲ್ವಾ?

ನನ್ನ ವಿಷಯಕ್ಕೇ ಬಂದರೆ, ಎರಡನೇ ಸಲ ನನ್ನ ವಾರ್ಡೂ ಸಾಮಾನ್ಯ ಆಗಿತ್ತು. ಟಿಕೆಟ್ ಕೊಡಲಿಲ್ಲ, ಪಕ್ಷೇತರಳಾಗಿ ನಿಂತು ಸೋತೆ. ಹೆಂಗಸು ಅಂತ ಸೋಲಿಸಿದರು ಅಂತ ಎಷ್ಟೋ ದಿನ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ. ಆಮೇಲೆ ಬೂತ್‌ವಾರು ಲೆಕ್ಕ ತೆಗೆದು ಕೂತಾಗ ಗೊತ್ತಾಯಿತು, ಬೇರೆಲ್ಲಾ ಕಡೆ ವೋಟು ಮೊದಲಿನಷ್ಟೇ ಬಿದ್ದಿದ್ದವು. ಕಮ್ಮಿ ಆದದ್ದು ಕೊನೇ ಬೀದಿಯ ಬೂತಿನಲ್ಲಿ ಮಾತ್ರ. ನೀವೂ ನಿಮ್ಮ ಹಿಂದಿನ ಫಲಿತಾಂಶದ ಬೂತ್ ಲೆಕ್ಕ ತರಿಸಿಕೊಂಡು ನೋಡಿ. ಮನೆಯವರ ಮಾತು, ಪಾರ್ಟಿಯವರ ಮಾತು ಎರಡಕ್ಕಿಂತ ಅದು ವಾಸಿ.

ಪ್ರಶ್ನೆ: ನಾವು 2018ರಲ್ಲಿ ಗೆದ್ದವರು. ಎರಡು ವರ್ಷ ಅಧ್ಯಕ್ಷರೇ ಇರಲಿಲ್ಲ, ನಮಗೆ ಅಧಿಕಾರವೇ ಸಿಗಲಿಲ್ಲ. ಈಗ ಜನ 'ಗೆದ್ದು ಏಳೆಂಟು ವರ್ಷ ಆಯ್ತಲ್ಲ, ಏನು ಮಾಡಿದ್ರಿ' ಅಂತ ಕೇಳುತ್ತಾರೆ. ಹೇಗೆ ಅರ್ಥ ಮಾಡಿಸಲಿ?

ಉತ್ತರ: ನಿಮ್ಮ ಸಂಕಟ ನಿಜವೇ. ಮತದಾನ ಆದದ್ದು 2018ರ ಆಗಸ್ಟ್ 31ಕ್ಕೆ. ಅಧ್ಯಕ್ಷ-ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಗಿ, ಎಷ್ಟೋ ಕಡೆ 2020ರ ಕೊನೆಯವರೆಗೂ ಆಡಳಿತಾಧಿಕಾರಿಯೇ ಎಲ್ಲಾ ನಡೆಸಿದರು. ಅಧ್ಯಕ್ಷ-ಉಪಾಧ್ಯಕ್ಷರ ಎರಡನೇ ಅವಧಿಯ ಮೂವತ್ತು ತಿಂಗಳಿಗೂ ಹೊಸ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟಿನಲ್ಲಿ, ವರ್ಷಕ್ಕೂ ಜಾಸ್ತಿ ತಡವಾಗಿ. ಐದು ವರ್ಷದ ಲೆಕ್ಕ ಶುರುವಾಗುವುದು ಗೆದ್ದ ದಿನದಿಂದಲ್ಲ, ಮೊದಲ ಸಭೆಯ ದಿನದಿಂದ. ಜನಕ್ಕೆ ಈ ಗೊಂದಲ ಇರೋದು ಸಹಜ.

ಆದರೆ ಇದನ್ನೆಲ್ಲ ಮನೆ ಬಾಗಿಲಲ್ಲಿ ನಿಂತು ಹೇಳೋಕೆ ಹೋಗಬೇಡಿ. ಒಂದು ನಿಮಿಷದಲ್ಲಿ ಮುಗಿಸಿ. ನಂತರ ಅವರು ಕೇಳೋದು ಇನ್ನೊಂದು ಪ್ರಶ್ನೆ, ಅದಕ್ಕೆ ತಯಾರಾಗಿರಿ: ಅಧ್ಯಕ್ಷರಿಲ್ಲದ ಆ ಎರಡು ವರ್ಷ ನೀವೆಲ್ಲಿದ್ರಿ? ಸಭೆ ಇರಲಿಲ್ಲ ಸರಿ, ಕಸದ ಗಾಡಿ ಬಾರದ ದಿನ ಆಡಳಿತಾಧಿಕಾರಿಗೆ ಒಂದು ಅರ್ಜಿ ಕೊಡೋಕೆ ಅಧ್ಯಕ್ಷರು ಬೇಕಿರಲಿಲ್ಲವಲ್ಲ. ಕೊಟ್ಟಿದ್ದರೆ ಅದರ ಸ್ವೀಕೃತಿ ಪ್ರತಿ ಜೇಬಿನಲ್ಲಿರಲಿ. ಕೊಟ್ಟಿಲ್ಲದಿದ್ದರೆ ಕೋರ್ಟಿನ ಕತೆ ಎಷ್ಟು ಚೆನ್ನಾಗಿ ಹೇಳಿದರೂ ಕೇಳುವವರು ಚಪ್ಪಲಿ ಕಡೆ ನೋಡುತ್ತಾರೆ.

ಪ್ರಶ್ನೆ: ನಾನು ಮೆಂಬರೂ ಅಲ್ಲ, ಪಾರ್ಟಿಯವನೂ ಅಲ್ಲ, ಬರೀ ವೋಟರ್. ನಮ್ಮ ಮೆಂಬರ್ ಮತ್ತೆ ಕೈ ಮುಗಿದುಕೊಂಡು ಬರುತ್ತಿದ್ದಾರೆ. ಬಂದಾಗ ಏನು ಕೇಳಬೇಕು?

ಉತ್ತರ: ನಿಮ್ಮ ಪತ್ರ ನೋಡಿ ಖುಷಿಯಾಯಿತು. ರಸ್ತೆ ಯಾಕೆ ಆಗಲಿಲ್ಲ ಅಂತ ಕೇಳಿದರೆ ಅವರ ಹತ್ತಿರ ಉತ್ತರ ರೆಡಿ ಇರುತ್ತದೆ. ಬೇರೆ ಕೇಳಿ. ಕೊನೆಯ ಸಾಮಾನ್ಯ ಸಭೆಯಲ್ಲಿ ನೀವು ಏನು ಮಾತಾಡಿದ್ರಿ? ಯಾವುದಕ್ಕೆ ಬೇಡ ಅಂದ್ರಿ? ಬಜೆಟ್ ಓದಿದಾಗ ನಮ್ಮ ವಾರ್ಡಿಗೆ ಎಷ್ಟು ಇಟ್ಟಿದ್ದರು?

ಗೊತ್ತಿಲ್ಲ ಅಂದರೆ ನಡಾವಳಿ ನೋಡಿ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ, ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಹಾಜರಿ, ಚರ್ಚೆ, ಯಾವ ಕಾಮಗಾರಿಯ ಬಿಲ್ಲು ಪಾಸಾಯಿತು, ಯಾರಿಗೆ ಅನ್ನೋದೆಲ್ಲ ಸಿಗುತ್ತದೆ. ಇನ್ನೊಂದು: ಪುರಸಭೆಯ ಗುತ್ತಿಗೆಯಲ್ಲಿ ಸದಸ್ಯರಿಗೆ ನೇರವಾಗಿಯೋ ಪರೋಕ್ಷವಾಗಿಯೋ ಪಾಲಿದ್ದರೆ 1964ರ ಪುರಸಭೆಗಳ ಕಾಯ್ದೆ ಪ್ರಕಾರ ಸದಸ್ಯತ್ವವೇ ಹೋಗಬಹುದು. ಊರಲ್ಲಿ ಯಾರ ಭಾವಮೈದ ಕಂಟ್ರಾಕ್ಟರ್ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಆದರೆ ಕಟ್ಟೆ ಮೇಲೆ ಮಾತಾಡಿಕೊಂಡು ಸುಮ್ನೆ ಇರುತ್ತಾರೆ. ಕಾಗದ ಕೈಯಲ್ಲಿಟ್ಟುಕೊಂಡು ಕೇಳಿದರೆ ಅದರ ತೂಕವೇ ಬೇರೆ.

ಪ್ರಶ್ನೆ: ಎದುರಾಳಿ ಮನೆಗೆ ಇಷ್ಟು ಅಂತ ಹಂಚೋಕೆ ಶುರು ಮಾಡಿದ್ದಾನೆ. ನಾನು ಹಂಚದಿದ್ದರೆ ಗೆಲ್ಲೋದು ಹೇಗೆ?

ಉತ್ತರ: ಕೊಡೋದೂ ತಪ್ಪು, ಇಸಕೊಳ್ಳೋದೂ ತಪ್ಪು, ಚುನಾವಣೆ ಲಂಚಕ್ಕೆ ಒಂದು ವರ್ಷದವರೆಗೆ ಜೈಲಿದೆ. ಇದು ನಿಮಗೂ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೀರಿ ಅಂದರೆ ಮನಸ್ಸು ಆಗಲೇ ಅರ್ಧ ಆ ಕಡೆ ವಾಲಿದೆ. ಹಾಲಿ ಸದಸ್ಯರು ದುಡ್ಡು ಹಂಚಿದರೆ ಜನ ಹೇಳೋದು ಒಂದೇ ಮಾತು, 'ಐದು ವರ್ಷದಲ್ಲಿ ಇಷ್ಟು ಮಾಡಿಕೊಂಡಿದ್ದಾರೆ ನೋಡು' ಅಂತ. ಹೊಸಬನಿಗೆ ಆ ಮಾತು ತಾಗುವುದಿಲ್ಲ, ನಿಮಗೆ ತಾಗುತ್ತದೆ. ಇಸಕೊಂಡು ಬೇರೆಯವರಿಗೆ ಹಾಕುವವರೂ ಬೇಕಾದಷ್ಟು ಜನ ಇದ್ದಾರೆ. ಎದುರಾಳಿಯ ಬಗ್ಗೆ ಸಾಕ್ಷಿ ಇದ್ದರೆ ಚುನಾವಣಾಧಿಕಾರಿಗೆ ಬರೆದು ಕೊಡಿ. ಜೊತೆಗೆ ನಿಮ್ಮ ಖರ್ಚಿನ ಪುಸ್ತಕ ಸರಿಯಾಗಿಟ್ಟುಕೊಳ್ಳಿ. ಲೆಕ್ಕ ಕೊಡದೆ ಅನರ್ಹ ಆದವರಲ್ಲಿ ಗೆದ್ದವರೂ ಇರುತ್ತಾರೆ, ಸೋತವರೂ ಇರುತ್ತಾರೆ.

ಪ್ರಶ್ನೆ: ಪಾರ್ಟಿ ಟಿಕೆಟ್ ಸಿಗೋದು ಅನುಮಾನ. ಪಕ್ಷೇತರನಾಗಿ ಗೆದ್ದು ಆಮೇಲೆ ಪಾರ್ಟಿಗೆ ಸೇರಿಕೊಂಡರೆ ಆಗಲ್ವಾ?

ಉತ್ತರ: ಸ್ಥಳೀಯ ಸಂಸ್ಥೆಗಳಿಗೂ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ನಮ್ಮ ರಾಜ್ಯದಲ್ಲಿ 1987ರಿಂದ. ವಿಪ್, ಅಂದರೆ ಹೀಗೇ ವೋಟು ಹಾಕಿ ಅನ್ನೋ ಪಾರ್ಟಿ ಆದೇಶ, ಮೀರಿ ಅಧ್ಯಕ್ಷರ ಚುನಾವಣೆಯಲ್ಲಿ ಕೈ ಎತ್ತಿ ಸದಸ್ಯತ್ವ ಕಳೆದುಕೊಂಡವರ ಕತೆ ನಿಮ್ಮ ಜಿಲ್ಲೆಯಲ್ಲೇ ಸಿಗುತ್ತದೆ. ಪಕ್ಷೇತರರು ಹೊರಗಿನಿಂದ ಬೆಂಬಲ ಕೊಡೋದು ಬೇರೆ, ಪಾರ್ಟಿ ಸೇರೋದು ಬೇರೆ. ಹೆಜ್ಜೆ ಇಡೋ ಮೊದಲು ಒಬ್ಬ ವಕೀಲರಿಗೆ ಕಾಗದ ತೋರಿಸಿ.

ಪ್ರಶ್ನೆ: ಇಬ್ಬರಿಗೂ ಸಮ ವೋಟು ಬಂದರೆ ಮತ್ತೆ ಚುನಾವಣೆನಾ? (ನಮ್ಮಲ್ಲಿ ಕಳೆದ ಸಲ ಮೂರೇ ವೋಟಿನ ಅಂತರ.)

ಉತ್ತರ: ಇಲ್ಲ, ಚೀಟಿ ಎತ್ತುತ್ತಾರೆ. 2017ರಲ್ಲಿ ಮುಂಬೈ ಪಾಲಿಕೆಯ ಒಂದು ವಾರ್ಡಿನಲ್ಲಿ ಶಿವಸೇನೆ ಮತ್ತು ಬಿಜೆಪಿ ಅಭ್ಯರ್ಥಿಗಳಿಗೆ ಸಮ ಸಮ ಬಂದು, ಮರು ಎಣಿಕೆಯಲ್ಲೂ ಇತ್ಯರ್ಥ ಆಗದೆ, ಕೊನೆಗೆ ಚೀಟಿಯಲ್ಲಿ ಬಿಜೆಪಿಯವರು ಗೆದ್ದರು. ಮೂರು ವೋಟಿನ ಅಂತರ ಅಂದರೆ ಒಂದು ಮನೆ. ಅದು ಯಾವ ಮನೆ ಅಂತ ನಿಮಗೆ ಆಗಲೇ ಗೊತ್ತಿರಬೇಕು.

ಪ್ರಶ್ನೆ: ಮೂರು ಅವಧಿ ಗೆದ್ದಿದ್ದೇನೆ. ವಯಸ್ಸು 68. ನಾಲ್ಕನೇ ಸಲ ನಿಲ್ಲಿ ಅಂತ ಬೆಂಬಲಿಗರ ಒತ್ತಾಯ. ನನಗೆ ಸಾಕಾಗಿದೆ, ಆದರೆ ಬಿಟ್ಟರೆ ವಾರ್ಡು ಹಾಳಾಗುತ್ತದೆ ಅನ್ನಿಸುತ್ತದೆ.

ಉತ್ತರ: ಸರ್, ಸಾಕಾಗಿದೆ ಅಂತ ನೀವೇ ಬರೆದಿದ್ದೀರಿ. ಬೆಂಬಲಿಗರ ಒತ್ತಾಯದಲ್ಲಿ ನಿಮ್ಮ ಮೇಲಿನ ಪ್ರೀತಿ ಎಷ್ಟು, ಖಾತಾ ಕೆಲಸಕ್ಕೆ ಒಂದು ಕೈ ಬೇಕು ಅನ್ನೋದು ಎಷ್ಟು ಅಂತ ನೀವೇ ಅಳೆದು ನೋಡಿ. ವಾರ್ಡು ಹಾಳಾಗುತ್ತದೆ ಅನ್ನೋ ಚಿಂತೆಗೆ ಮಾತ್ರ ಒಂದು ದಾರಿ ಹೇಳಬಲ್ಲೆ.

ನನ್ನ ಎರಡನೇ ಅವಧಿ ಮುಗಿದ ಮೇಲೆ ನಮ್ಮ ಹಳೆಯ ನೀರುಗಂಟಿ ನಿವೃತ್ತಿಯಾದ. ಆ ಅಜ್ಜಿಯ ಬೀದಿಗೆ ನೀರು ತಿರುಗಿಸುವ ವಾಲ್ವ್ ಒಂದು ಕಲ್ಲು ಚಪ್ಪಡಿ ಕೆಳಗಿದೆ, ಮೇಲಿಂದ ನೋಡಿದರೆ ಚರಂಡಿ ಮುಚ್ಚಿದ ಹಾಗೆ ಕಾಣುತ್ತದೆ. ಪುರಸಭೆಯ ಯಾವ ನಕ್ಷೆಯಲ್ಲೂ ಅದಿಲ್ಲ. ಗೊತ್ತಿದ್ದದ್ದು ಅವನಿಗೆ, ನನಗೆ. ನನ್ನ ನಂತರ ಗೆದ್ದವರು ಎದುರು ಪಾರ್ಟಿಯವರು, ಚುನಾವಣೆಯಲ್ಲಿ ನನ್ನ ಬಗ್ಗೆ ಏನೇನೋ ಅಂದಿದ್ದವರು. ಆದರೂ ಒಂದು ದಿನ ಬೆಳಗ್ಗೆ ಅವರನ್ನೂ ಹೊಸ ನೀರುಗಂಟಿಯನ್ನೂ ಕರೆದುಕೊಂಡು ಹೋಗಿ, ಚಪ್ಪಡಿ ಎತ್ತಿಸಿ, ಎಷ್ಟು ಸುತ್ತು ತಿರುಗಿಸಬೇಕು ಅಂತ ತೋರಿಸಿ ಬಂದೆ. ಮೂರು ಅವಧಿ ಮಾಡಿದವರು ನೀವು, ನಿಮ್ಮ ವಾರ್ಡಿನಲ್ಲಿ ಇಂಥ ಚಪ್ಪಡಿಗಳು ಇನ್ನೂ ಜಾಸ್ತಿ ಇರುತ್ತವೆ. ಗೆಲ್ಲುವವರು ಯಾರೇ ಆಗಲಿ, ಫಲಿತಾಂಶ ಬಂದ ವಾರದಲ್ಲೇ ಒಂದು ಬೆಳಗ್ಗೆ ಕರೆದುಕೊಂಡು ಹೋಗಿ ತೋರಿಸಿ.